ಮೈನ್ ಸಿಸ್ಟಮ್ ಕಾಣದಿದ್ದರೆ ಫೈರ್‌ವಾಲ್ ಆಫ್ ಮಾಡಬೇಡಿ

ಸಂಪಾದಕರಿಗೆ,

ಮಾನ್ಯರೇ,

ಮಂಗಳೂರು, ಉಡುಪಿಯ ಅಂಗಡಿ, ಕ್ಲಿನಿಕ್, ಪ್ರಿಂಟಿಂಗ್ ಪ್ರೆಸ್, ಸಹಕಾರಿ ಸಂಘದ ಶಾಖೆಗಳಲ್ಲಿ ಮೂರು ನಾಲ್ಕು ಕಂಪ್ಯೂಟರುಗಳನ್ನು ಒಂದೇ ರೂಟರಿಗೆ ಜೋಡಿಸಿರುತ್ತಾರೆ. ಒಂದರಲ್ಲಿ ಟ್ಯಾಲಿಯ ಲೆಕ್ಕವೋ ರೋಗಿಗಳ ದಾಖಲೆಯೋ ಇರುತ್ತದೆ, ಆ ಕಂಪ್ಯೂಟರನ್ನೇ ‘ಮೈನ್ ಸಿಸ್ಟಮ್’ ಎನ್ನುವುದು, ಉಳಿದವು ಅದನ್ನೇ ತೆರೆದು ಕೆಲಸ ಮಾಡುತ್ತವೆ. ಗುಡುಗು ಸಿಡಿಲಿನ ತಿಂಗಳುಗಳಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಇಲ್ಲೆಲ್ಲ ಏಳುವ ದೂರು ಒಂದೇ: ‘ಮೈನ್ ಸಿಸ್ಟಮ್ ಕಾಣುತ್ತಿಲ್ಲ.’ ರಿಪೇರಿಗೆ ಬಂದವರಲ್ಲಿ ಹಲವರು ಮಾಡುವುದೂ ಒಂದೇ: ಫೈರ್‌ವಾಲ್ (ಹೊರಗಿನ ಸಂಪರ್ಕ ತಡೆಯುವ ಕಾವಲು) ಆಫ್, ಎಸ್‌ಎಂಬಿ 1 (ಫೈಲ್ ಹಂಚಿಕೊಳ್ಳುವ ಹಳೆಯ, ಅಸುರಕ್ಷಿತ ಪದ್ಧತಿ) ಆನ್, ಪಾಸ್‌ವರ್ಡ್ ರಕ್ಷಣೆ ಆಫ್. ಅಂದಿನ ಕೆಲಸವೇನೋ ನಡೆಯುತ್ತದೆ. ಆದರೆ ಕೆಟ್ಟಿದ್ದು ಏನು ಎಂದು ಯಾರೂ ನೋಡಿರುವುದಿಲ್ಲ, ಹಾಗಾಗಿ ಮುಂದಿನ ಸಿಡಿಲಿಗೆ ಅದೇ ದೂರು ಮತ್ತೆ ಬರುತ್ತದೆ.

‘ಕಾಣುವುದು’ ಎಂದು ನಾವು ಹೇಳುವುದರೊಳಗೆ ಮೂರು ಬೇರೆ ಬೇರೆ ಕೆಲಸಗಳಿವೆ. ಫೈಲ್ ಎಕ್ಸ್‌ಪ್ಲೋರರಿನ ‘ನೆಟ್‌ವರ್ಕ್’ ಪಟ್ಟಿಯಲ್ಲಿ ಆ ಕಂಪ್ಯೂಟರಿನ ಚಿತ್ರ ಬರುವುದು ಒಂದು. ಹೆಸರು ಟೈಪ್ ಮಾಡಿದಾಗ ಅದರ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಸಂಖ್ಯೆ) ಸಿಗುವುದು ಎರಡನೆಯದು. ವಿಳಾಸ ಸಿಕ್ಕ ಮೇಲೆ ಆ ಕಂಪ್ಯೂಟರ್ ನಮ್ಮನ್ನು ಒಳಗೆ ಬಿಡುವುದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಸೇವೆಗಳು, ಬೇರೆ ಬೇರೆ ಪೋರ್ಟುಗಳು, ಎಂದರೆ ಸಂಖ್ಯೆ ಹಾಕಿದ ಬಾಗಿಲುಗಳು. ಪಟ್ಟಿಯಲ್ಲಿ ಚಿತ್ರ ಇಲ್ಲದಿದ್ದರೂ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಹೆಸರು ಬರೆದರೆ ಫೋಲ್ಡರ್ ತೆರೆದುಕೊಳ್ಳುವುದುಂಟು. ಚಿತ್ರ ಕಂಡರೂ ಒತ್ತಿದಾಗ ಬಾಗಿಲು ತೆರೆಯದಿರುವುದೂ ಉಂಟು. ಯಾವುದು ಕೆಟ್ಟಿದೆ ಎಂದು ತಿಳಿಯದೆ ಕೈ ಹಾಕಬಾರದು.

ತಿಳಿಯುವುದು ಕಷ್ಟವಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ‘ಪಿಂಗ್’ ಎಂದು ಬರೆದು, ಒಂದು ಜಾಗ ಬಿಟ್ಟು ಮೈನ್ ಸಿಸ್ಟಮ್‌ನ ಹೆಸರು ಕೊಡಿ. ಉತ್ತರದ ಮೊದಲ ಸಾಲು ಮಾತ್ರ ಸಾಕು. ಅದರಲ್ಲಿ ಹೆಸರಿನ ಪಕ್ಕದ ಚೌಕ ಆವರಣದೊಳಗೆ 192.168 ಎಂದು ಶುರುವಾಗುವ ವಿಳಾಸ ಬಂದಿದ್ದರೆ ಹೆಸರು ಹುಡುಕುವ ಕೆಲಸ ಮುಗಿದಿದೆ. ಕೆಳಗಿನ ನಾಲ್ಕೂ ಸಾಲು ‘ಟೈಮ್ಡ್ ಔಟ್’ ಎಂದರೂ ಚಿಂತೆಯಿಲ್ಲ, ಪಿಂಗ್‌ಗೆ ಉತ್ತರಿಸದಂತೆ ಆ ಕಡೆಯ ಫೈರ್‌ವಾಲ್ ತಡೆದಿರಬಹುದು. ಆವರಣದಲ್ಲಿ ಎಫ್‌ಇ80 ಎಂದು ಶುರುವಾಗುವ ಉದ್ದ ವಿಳಾಸ ಬಂದರೆ ಅದು ಐಪಿವಿ6. ‘ಪಿಂಗ್’ ಎಂಬ ಪದದ ಮುಂದೆ, ಹೆಸರಿಗೆ ಮೊದಲು, ‘-4’ ಸೇರಿಸಿ ಮತ್ತೆ ಕೇಳಿದರೆ ಹಳೆಯ ಮಾದರಿಯ ವಿಳಾಸ ಸಿಗುತ್ತದೆ. ‘ಕುಡ್ ನಾಟ್ ಫೈಂಡ್ ಹೋಸ್ಟ್’ ಎಂದು ಬಂದರೆ ಮಾತ್ರ ಹೆಸರಿನದೇ ತೊಂದರೆ. ಆಗ ಹೆಸರಿನ ಬದಲು ವಿಳಾಸವನ್ನೇ ಕೊಟ್ಟು ಫೋಲ್ಡರ್ ತೆರೆಯಿರಿ. ತೆರೆದರೆ ಕೇಬಲ್, ಸ್ವಿಚ್, ಶೇರಿಂಗ್, ಪಾಸ್‌ವರ್ಡ್ ಎಲ್ಲವೂ ಸರಿ ಇವೆ ಎಂದು ಒಂದೇ ಏಟಿಗೆ ಗೊತ್ತಾಗುತ್ತದೆ. ಹೆಸರಿನ ಬದಲು ವಿಳಾಸ ಕೊಟ್ಟಾಗ ವಿಂಡೋಸ್ ಮತ್ತೆ ಪಾಸ್‌ವರ್ಡ್ ಕೇಳಿದರೆ ಗಾಬರಿಯಾಗಬೇಡಿ, ಮೊದಲು ಉಳಿಸಿಟ್ಟದ್ದು ಹೆಸರಿನ ಲೆಕ್ಕದಲ್ಲಿರುತ್ತದೆ.

ಎನ್ಎಸ್‌ಲುಕಪ್ ಎಂಬ ಕಮಾಂಡನ್ನು ಇಲ್ಲಿ ಬಳಸಿ ದಾರಿ ತಪ್ಪುವವರು ಬಹಳ. ಅದು ಹೆಸರಿಗೆ ವಿಳಾಸ ಹೇಳುವ ಡಿಎನ್ಎಸ್ ಸರ್ವರನ್ನು ಮಾತ್ರ ಕೇಳುತ್ತದೆ. ಕಂಪ್ಯೂಟರಿನಲ್ಲೇ ಹೆಸರು, ವಿಳಾಸ ಬರೆದಿಡುವ ಹೋಸ್ಟ್ಸ್ ಫೈಲನ್ನೂ ನೋಡುವುದಿಲ್ಲ, ಅಕ್ಕಪಕ್ಕದ ಕಂಪ್ಯೂಟರುಗಳನ್ನೂ ವಿಚಾರಿಸುವುದಿಲ್ಲ. ಅದು ‘ಇಲ್ಲ’ ಎಂದ ಹೆಸರು ಪಿಂಗ್‌ಗೆ ಸಲೀಸಾಗಿ ಸಿಗಬಹುದು.

ಹಾಗಾದರೆ ವಿಂಡೋಸ್ ಯಾರನ್ನೆಲ್ಲ ಕೇಳುತ್ತದೆ? ಮೊದಲು ತನ್ನದೇ ಹೆಸರೇ ಎಂದು ನೋಡಿಕೊಳ್ಳುತ್ತದೆ. ಬಳಿಕ ನೆನಪಿನಲ್ಲಿರುವುದು, ಅದರ ಜೊತೆಗೆ ಹೋಸ್ಟ್ಸ್ ಫೈಲ್. ಅಲ್ಲಿಲ್ಲದಿದ್ದರೆ ಡಿಎನ್ಎಸ್ ಸರ್ವರ್, ಎಂದರೆ ಸಣ್ಣ ಕಚೇರಿಗಳಲ್ಲಿ ರೂಟರ್. ಅದಕ್ಕೂ ಗೊತ್ತಿಲ್ಲದಿದ್ದರೆ ಪಡಸಾಲೆಯಲ್ಲಿ ನಿಂತು ಹೆಸರು ಹಿಡಿದು ಕೂಗಿದ ಹಾಗೆ, ಆ ನೆಟ್‌ವರ್ಕಿನ ಎಲ್ಲರಿಗೂ ಕೇಳುವಂತೆ ‘ಈ ಹೆಸರಿನವರು ಯಾರು?’ ಎಂದು ಕೇಳುತ್ತದೆ. ಈ ಕೂಗಿಗೆ ಮೂರು ಭಾಷೆಗಳಿವೆ.

ಹಳೆಯದು ನೆಟ್‌ಬಯಾಸ್. 1983ರಲ್ಲಿ ಐಬಿಎಂನ ಪಿಸಿ ನೆಟ್‌ವರ್ಕ್‌ಗಾಗಿ ಹುಟ್ಟಿದ್ದು, 1987ರಲ್ಲಿ ಇಂಟರ್‌ನೆಟ್ ಪ್ರೋಟೊಕಾಲಿನ ಮೇಲೆ ನಡೆಯುವ ಅದರ ರೂಪ ನಿಗದಿಯಾಯಿತು. ಯುಡಿಪಿ ಪೋರ್ಟ್ 137ರಲ್ಲಿ ಬ್ರಾಡ್‌ಕಾಸ್ಟ್ ಮಾಡುತ್ತದೆ. ಮುಕ್ಕಾಲು ಸೆಕೆಂಡಿಗೊಮ್ಮೆಯಂತೆ ಮೂರು ಸಲ ಕೇಳಿ ಸುಮ್ಮನಾಗುತ್ತದೆ. ಇಲ್ಲದ ಹೆಸರು ಕೊಟ್ಟಾಗ ಕಂಪ್ಯೂಟರ್ ಎರಡು ಸೆಕೆಂಡು ತಡವರಿಸುವುದಕ್ಕೆ ಒಂದು ಕಾರಣ ಇದು. ಇದರ ಹೆಸರಿಗೆ 16 ಬೈಟ್ ಜಾಗ, ಕೊನೆಯದು ಸೇವೆಯ ಗುರುತಿಗೆ ಮೀಸಲು. ಉಳಿಯುವುದು 15 ಅಕ್ಷರ. ವಿಂಡೋಸ್ ತಾನಾಗಿಯೇ ಇಡುವ ‘ಡೆಸ್ಕ್‌ಟಾಪ್’ ಮತ್ತು ಅಡ್ಡಗೆರೆ ಎಂಟು ಅಕ್ಷರ, ಮೇಲೆ ಗೊತ್ತುಗುರಿಯಿಲ್ಲದ ಏಳು, ಒಟ್ಟು ಸರಿಯಾಗಿ ಹದಿನೈದು. ನೀವೇ ಹೆಸರಿಡುವಾಗ ಇಂಗ್ಲಿಷ್ ಅಕ್ಷರ, ಅಂಕೆ, ಅಡ್ಡಗೆರೆ ಮಾತ್ರ ಬಳಸಿ. ಜಾಗ ಬಿಡಬೇಡಿ, ಅಂಡರ್‌ಸ್ಕೋರ್ ಹಾಕಬೇಡಿ, ಬರೀ ಅಂಕೆಯ ಹೆಸರು ಬೇಡ. ಹದಿನೈದು ದಾಟಿದರೆ ನೆಟ್‌ಬಯಾಸ್ ಬಾಲ ಕತ್ತರಿಸುತ್ತದೆ. ಶಾಖೆಯ ಉದ್ದ ಹೆಸರಿನ ಕೊನೆಗೆ 1, 2, 3 ಸೇರಿಸಿದವರಿಗೆ ಇದು ದೊಡ್ಡ ತಲೆನೋವು. ಅಂಕೆಯೇ ಬಾಲದಲ್ಲಿ ಉದುರಿ ಮೂರೂ ಒಂದೇ ಹೆಸರಿನವಾಗುತ್ತವೆ.

ಎರಡನೆಯದು ವಿಂಡೋಸ್ ವಿಸ್ತಾದ ಜೊತೆ ಬಂದ ಎಲ್‌ಎಲ್‌ಎಂಎನ್ಆರ್. 224.0.0.252 ಎಂಬ ಮಲ್ಟಿಕಾಸ್ಟ್ (ಒಂದು ಗುಂಪಿಗೆ ಒಟ್ಟಿಗೆ ಕೇಳಿಸುವ) ವಿಳಾಸ, ಪೋರ್ಟ್ 5355. ಮೂರನೆಯದು ಎಂಡಿಎನ್ಎಸ್. ಇದು 224.0.0.251, ಪೋರ್ಟ್ 5353, ಹೆಸರಿನ ಕೊನೆಗೆ ‘ಡಾಟ್ ಲೋಕಲ್’. ಆಪಲ್‌ನವರು ಬಾನ್‌ಜೋರ್ ಎಂದು ಕರೆಯುವುದು, ಲಿನಕ್ಸ್‌ನಲ್ಲಿ ಅವಾಹಿ ಮಾಡುವುದು ಇದೇ ಕೆಲಸ. ಈಗಿನ ವೈಫೈ ಪ್ರಿಂಟರುಗಳಲ್ಲಿ ಹೆಚ್ಚಿನವು ಈ ಭಾಷೆ ಬಲ್ಲವು, ವಿಂಡೋಸ್ 10 ಮತ್ತು 11ಕ್ಕೂ ಗೊತ್ತು. ಹಳೆಯ ಎರಡನ್ನು ನಿಧಾನವಾಗಿ ಬಿಟ್ಟು ಎಂಡಿಎನ್ಎಸ್ ಕಡೆಗೆ ಹೊರಳುತ್ತೇವೆ ಎಂದು ಮೈಕ್ರೋಸಾಫ್ಟ್ 2022ರಲ್ಲೇ ಹೇಳಿದೆ. ಬ್ರೌಸರಿನಲ್ಲಿ ಇಂಥ ಹೆಸರು ಬರೆಯುವಾಗ ಕೊನೆಗೊಂದು ಸ್ಲ್ಯಾಶ್ ಹಾಕಿ, ಇಲ್ಲದಿದ್ದರೆ ಬ್ರೌಸರ್ ಅದನ್ನು ಹೆಸರೆಂದು ತಿಳಿಯದೆ ಗೂಗಲ್‌ನಲ್ಲಿ ಹುಡುಕಲು ಹೊರಡಬಹುದು.

ಮೂರಕ್ಕೂ ಇರುವ ಒಂದು ಮಿತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ: ಕೂಗು ರೂಟರನ್ನು ದಾಟುವುದಿಲ್ಲ. ನಮ್ಮ ಊರುಗಳಲ್ಲಿ ಇದು ಎಲ್ಲಿ ಕಾಡುತ್ತದೆ ಎಂದರೆ, ಫೈಬರ್ ಕಂಪನಿಯವರು ಕೊಟ್ಟ ಡಬ್ಬಿಯೇ ಒಂದು ರೂಟರ್. ಅದರ ವೈಫೈ ಹಿಂದಿನ ಕೋಣೆಗೆ ಸಿಗುವುದಿಲ್ಲವೆಂದು ಅಂಗಡಿಯವರು ಇನ್ನೊಂದು ರೂಟರ್ ತಂದು, ಮೊದಲನೆಯದರಿಂದ ಬರುವ ಕೇಬಲನ್ನು ಅದರ ‘ವ್ಯಾನ್’ ಎಂಬ ಬೇರೆ ಬಣ್ಣದ ತೂತಿಗೆ ಚುಚ್ಚುತ್ತಾರೆ. ಇಂಟರ್‌ನೆಟ್ ಎರಡೂ ಕಡೆ ಚೆನ್ನಾಗಿ ಬರುತ್ತದೆ. ಆದರೆ ಈಗ ಇರುವುದು ಎರಡು ನೆಟ್‌ವರ್ಕ್: ಹೊರಗಿನದು 192.168.1, ಒಳಗಿನದು 192.168.0. ಒಳಗಿನ ಲ್ಯಾಪ್‌ಟಾಪಿನಿಂದ ಹೊರಗಿನ ಬಿಲ್ಲಿಂಗ್ ಸಿಸ್ಟಮ್ ವಿಳಾಸ ಕೊಟ್ಟರೆ ತೆರೆಯುತ್ತದೆ, ಹೆಸರು ಕೊಟ್ಟರೆ ಇಲ್ಲ. ಹೊರಗಿನಿಂದ ಒಳಕ್ಕೆ ಎರಡೂ ಇಲ್ಲ. ಒಂದು ದಿಕ್ಕಿಗೆ ಮಾತ್ರ ನಡೆಯುವ ಇಂಥ ವಿಚಿತ್ರ ಕಂಡರೆ ಎರಡೂ ಕಂಪ್ಯೂಟರಿನಲ್ಲಿ ‘ಐಪಿಕಾನ್ಫಿಗ್’ ಕೊಟ್ಟು ವಿಳಾಸದಲ್ಲಿ ಎರಡನೆಯ ಚುಕ್ಕಿಯ ನಂತರದ ಸಂಖ್ಯೆ ಹೋಲಿಸಿ. ಬೇರೆಯಾಗಿದ್ದರೆ ಕಾರಣ ಸಿಕ್ಕಿತು. ಎರಡನೆಯ ರೂಟರಿನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಇದ್ದರೆ ಅದನ್ನು ಆರಿಸಿದರೆ ಮುಗಿಯಿತು. ಇಲ್ಲದಿದ್ದರೆ ಅದರ ಸ್ವಂತ ವಿಳಾಸವನ್ನು 192.168.1.2 ಮಾಡಿ, ವಿಳಾಸ ಹಂಚುವ ಡಿಎಚ್‌ಸಿಪಿ ನಿಲ್ಲಿಸಿ, ಆಮೇಲೆ ಕೇಬಲನ್ನು ವ್ಯಾನ್‌ನಿಂದ ಕಿತ್ತು ಲ್ಯಾನ್ ತೂತಿಗೆ ಹಾಕಿ. ಈ ಅನುಕ್ರಮ ಮುಖ್ಯ. ಕೇಬಲ್ ಮೊದಲು ಬದಲಿಸಿದರೆ ಇಬ್ಬರು ಡಿಎಚ್‌ಸಿಪಿಯವರು ಒಂದೇ ನೆಟ್‌ವರ್ಕಿನಲ್ಲಿ ವಿಳಾಸ ಹಂಚತೊಡಗಿ ಇಡೀ ಕಚೇರಿ ಕಲಸುಮೇಲೋಗರವಾಗುತ್ತದೆ.

ಗೆಸ್ಟ್ ವೈಫೈಗೆ ಸೇರಿಕೊಂಡ ಲ್ಯಾಪ್‌ಟಾಪಿಗೂ ಮೈನ್ ಸಿಸ್ಟಮ್ ಕಾಣುವುದಿಲ್ಲ. ಅದು ಕಾಣಬಾರದೆಂದೇ ಇರುವುದು.

ಇನ್ನು ಸಿಡಿಲಿನ ವಿಷಯ. ಕರೆಂಟ್ ಹೋದಾಗ ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ ಎಂಬ ಪಟ್ಟಿಯನ್ನು ಹಲವು ಅಗ್ಗದ ರೂಟರುಗಳು ಮರೆತುಬಿಡುತ್ತವೆ. ಕರೆಂಟ್ ಬಂದ ಕೂಡಲೇ ಮೊದಲು ಕೇಳಿದ ಯಾರದೋ ಮೊಬೈಲಿಗೆ 192.168.1.10 ಹೋಗಿರುತ್ತದೆ, ಮೈನ್ ಸಿಸ್ಟಮ್‌ಗೆ ಬೇರೊಂದು. ವಿಳಾಸ ಕೊಟ್ಟು ಜೋಡಿಸಿದ್ದ ಶಾರ್ಟ್‌ಕಟ್, ಪ್ರಿಂಟರ್ ಎಲ್ಲ ಅಲ್ಲಿಗೆ ಸತ್ತವು. ಮೈನ್ ಸಿಸ್ಟಮ್ ಯುಪಿಎಸ್ ಮೇಲಿದ್ದು ರೂಟರ್ ಇಲ್ಲದಿದ್ದರೆ ಇನ್ನೊಂದು ಬಗೆ: ವಿಳಾಸ ಕೊಡುವವರಿಲ್ಲದೆ ಅದು 169.254 ಎಂದು ಶುರುವಾಗುವ ವಿಳಾಸವನ್ನು ತಾನೇ ಇಟ್ಟುಕೊಂಡಿರಬಹುದು. ಕೇಬಲ್ ಕಿತ್ತು ಹತ್ತು ಸೆಕೆಂಡು ಬಿಟ್ಟು ಹಾಕಿದರೆ ಸರಿಹೋಗುತ್ತದೆ. ರೂಟರ್, ಸ್ವಿಚ್ ಎರಡನ್ನೂ ಅದೇ ಯುಪಿಎಸ್‌ಗೆ ಸೇರಿಸುವುದು ಇದಕ್ಕೆ ಕಾಯಂ ಮದ್ದು.

ಸಿಡಿಲಿಗೆ ರೂಟರೇ ಸುಟ್ಟು ಹೊಸತು ಬಂದಾಗ ಆಗುವುದು ಇನ್ನೂ ನಯವಾದ ಮೋಸ. ವಿಂಡೋಸ್ ಒಂದು ನೆಟ್‌ವರ್ಕನ್ನು ಗುರುತಿಸುವುದು ಅದರ ರೂಟರಿನ ಮ್ಯಾಕ್ ವಿಳಾಸದಿಂದ, ಎಂದರೆ ಯಂತ್ರಕ್ಕೆ ತಯಾರಿಕೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆಯಿಂದ. ರೂಟರ್ ಬದಲಾದರೆ ಅದರ ಕಣ್ಣಿಗೆ ಇದು ಹೊಸ ಜಾಗ, ಹೊಸ ಜಾಗ ಎಂದರೆ ‘ಪಬ್ಲಿಕ್’. ಪಬ್ಲಿಕ್ ಆದ ಕೂಡಲೇ ಫೈರ್‌ವಾಲ್ ಶೇರಿಂಗಿನ ಬಾಗಿಲು ಹಾಕುತ್ತದೆ. ಯಾರೂ ಯಾವ ಸೆಟ್ಟಿಂಗನ್ನೂ ಮುಟ್ಟದಿದ್ದರೂ ಎಲ್ಲ ಕಂಪ್ಯೂಟರುಗಳೂ ಒಟ್ಟಿಗೆ ಮಾಯ. ‘ಫೈರ್‌ವಾಲ್ ಆಫ್ ಮಾಡಿದೆ, ಸರಿಹೋಯಿತು’ ಎನ್ನುವವರು ಹೆಚ್ಚಾಗಿ ಕಂಡಿರುವುದು ಇದನ್ನೇ. ಮಾಡಬೇಕಾದ್ದು ಇಷ್ಟು: ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ಅಲ್ಲಿ ಈಥರ್‌ನೆಟ್ ಅಥವಾ ವೈಫೈಯ ಪ್ರಾಪರ್ಟೀಸ್, ಅಲ್ಲಿ ‘ಪ್ರೈವೇಟ್’ ಆರಿಸುವುದು. ಪ್ರತಿ ಕಂಪ್ಯೂಟರಿನಲ್ಲೂ ಒಂದು ಸಲ.

ವಿಳಾಸ ಅಲುಗಾಡದಂತೆ ಮಾಡಲು ಎರಡು ದಾರಿ. ಕಂಪ್ಯೂಟರಿನಲ್ಲೇ ಕೈಯಾರೆ ವಿಳಾಸ ಬರೆಯುವುದು ಒಂದು. ರೂಟರಿನಲ್ಲಿ ‘ಅಡ್ರೆಸ್ ರಿಸರ್ವೇಶನ್’ಗೆ ಹೋಗಿ, ಮೈನ್ ಸಿಸ್ಟಮ್‌ನ ಮ್ಯಾಕ್ ವಿಳಾಸಕ್ಕೆ ಇಂಥದ್ದೇ ಐಪಿ ಎಂದು ಕಟ್ಟುವುದು ಇನ್ನೊಂದು. ನನ್ನ ಮತ ಎರಡನೆಯದಕ್ಕೆ. ಕೈಯಾರೆ ಬರೆದರೆ ಹೊಸ ರೂಟರ್ 192.168.0 ಸರಣಿಯದ್ದಾದ ದಿನ ಆ ಕಂಪ್ಯೂಟರ್ ಒಂಟಿಯಾಗುತ್ತದೆ, ಇಂಟರ್‌ನೆಟ್ ಕೂಡ ಇಲ್ಲ. ರಿಸರ್ವೇಶನ್ ಸುಟ್ಟ ರೂಟರಿನ ಜೊತೆಗೇ ಹೋಗುತ್ತದೆ ನಿಜ. ಅದಕ್ಕಾಗಿ ಮೈನ್ ಸಿಸ್ಟಮ್, ಪ್ರಿಂಟರ್ ಎರಡರ ಮ್ಯಾಕ್ ವಿಳಾಸವನ್ನೂ ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿಡಬೇಕು. ‘ಗೆಟ್‌ಮ್ಯಾಕ್’ ಕಮಾಂಡ್ ಕೊಟ್ಟರೆ ಸಿಗುತ್ತದೆ. ವೈಫೈಯಲ್ಲಿರುವ ಕಂಪ್ಯೂಟರಾದರೆ ‘ರ್‍ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್’ ಆಫ್ ಇರಲಿ, ಆನ್ ಇದ್ದರೆ ಮ್ಯಾಕ್ ವಿಳಾಸವೇ ಬದಲಾಗುತ್ತಿರುತ್ತದೆ.

ವಿಳಾಸ ನಿಂತ ಮೇಲೆ ನಾಲ್ಕೈದು ಕಂಪ್ಯೂಟರಿನ ಕಚೇರಿಗೆ ಹೋಸ್ಟ್ಸ್ ಫೈಲಿಗಿಂತ ಗಟ್ಟಿಯಾದ ಉಪಾಯವಿಲ್ಲ. ಸಿ ಡ್ರೈವಿನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಡ್ರೈವರ್ಸ್, ಇಟಿಸಿ; ಅಲ್ಲಿದೆ. ನೋಟ್‌ಪ್ಯಾಡನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದು ಅದರೊಳಗಿಂದ ಈ ಫೈಲ್ ತೆರೆಯಬೇಕು. ಹಾಗೇ ತೆರೆದರೆ ಉಳಿಸಲು ಬಿಡುವುದಿಲ್ಲ. ಕೊನೆಗೆ ಒಂದು ಹೊಸ ಸಾಲು: ಮೊದಲು ವಿಳಾಸ, ಒಂದು ಜಾಗ, ಆಮೇಲೆ ಹೆಸರು. ಕಂಪ್ಯೂಟರಿನ ನಿಜವಾದ ಹೆಸರನ್ನೇ ಬರೆಯಿರಿ. ಅಡ್ಡಹೆಸರು ಕೊಟ್ಟರೆ ಪಿಂಗ್ ಆಗುತ್ತದೆ, ಫೋಲ್ಡರ್ ಕೆಲವೊಮ್ಮೆ ತೆರೆಯುವುದಿಲ್ಲ. ರೀಸ್ಟಾರ್ಟ್ ಬೇಕಿಲ್ಲ. ಫಲ ಕಾಣದಿದ್ದರೆ ಫೈಲಿನ ಹೆಸರಿನ ಕೊನೆಗೆ ‘ಡಾಟ್ ಟಿಎಕ್ಸ್‌ಟಿ’ ಸೇರಿಕೊಂಡಿದೆಯೇ ನೋಡಿ, ಹತ್ತರಲ್ಲಿ ಒಂಬತ್ತು ಸಲ ಅದೇ ಆಗಿರುತ್ತದೆ.

ಹೋಸ್ಟ್ಸ್ ಫೈಲ್ ಬೇಡ, ರೂಟರೇ ಹೆಸರು ಹೇಳಲಿ ಎನ್ನುವವರೂ ಇದ್ದಾರೆ. ಓಪನ್‌ಡಬ್ಲ್ಯುಆರ್‌ಟಿಯಂಥ ತಂತ್ರಾಂಶವಿರುವ ರೂಟರ್ ಅದನ್ನು ಸೊಗಸಾಗಿ ಮಾಡುತ್ತದೆ. ಆದರೆ ‘ನೆಟ್ ಸ್ಪೀಡ್ ಆಗುತ್ತದೆ’ ಎಂದು ಕಂಪ್ಯೂಟರಿನಲ್ಲಿ ಡಿಎನ್ಎಸ್ ಜಾಗಕ್ಕೆ ಯಾರೋ ಗೂಗಲ್‌ನ 8.8.8.8 ಬರೆದಿಟ್ಟಿದ್ದರೆ ಪ್ರಶ್ನೆ ರೂಟರಿಗೆ ಹೋಗುವುದೇ ಇಲ್ಲ. ನಿಮ್ಮ ಅಂಗಡಿಯ ಬಿಲ್ಲಿಂಗ್ ಸಿಸ್ಟಮ್ ಗೂಗಲ್‌ಗೆ ಹೇಗೆ ಗೊತ್ತಿರಬೇಕು? ಎರಡನೆಯ ಡಿಎನ್ಎಸ್ ಆಗಿ ರೂಟರನ್ನು ಬರೆದರೂ ಉಪಯೋಗವಿಲ್ಲ. ಮೊದಲನೆಯದು ‘ಅಂಥ ಹೆಸರಿಲ್ಲ’ ಎಂದರೆ ಅದೂ ಒಂದು ಉತ್ತರವೇ, ಎರಡನೆಯದನ್ನು ವಿಂಡೋಸ್ ಕೇಳುವುದಿಲ್ಲ.

ಒಂದೇ ಡಿಸ್ಕಿನ ನಕಲು ತೆಗೆದು ಹತ್ತು ಕಂಪ್ಯೂಟರಿಗೆ ಹಾಕಿದ ಕಡೆ, ಕಾಲೇಜಿನ ಲ್ಯಾಬ್‌ನಲ್ಲೂ, ಎಲ್ಲಕ್ಕೂ ಒಂದೇ ಹೆಸರಿರುತ್ತದೆ. ‘ಡುಪ್ಲಿಕೇಟ್ ನೇಮ್’ ಎಂಬ ಎಚ್ಚರಿಕೆ ಬಂದರೆ ಅದೃಷ್ಟ. ಬಾರದಿದ್ದರೆ ಇವತ್ತು ಒಂದು, ನಾಳೆ ಇನ್ನೊಂದು ಕಂಪ್ಯೂಟರ್ ಓಗೊಡುತ್ತದೆ. ಯಾರು ಓಗೊಡುತ್ತಿದ್ದಾರೆ ಎಂದು ತಿಳಿಯಲು ‘ಎನ್‌ಬಿಟಿಸ್ಟ್ಯಾಟ್’ ಬರೆದು, ಅಡ್ಡಗೆರೆ ಹಾಕಿ ದೊಡ್ಡ ‘ಎ’ ಅಕ್ಷರ, ಬಳಿಕ ವಿಳಾಸ ಕೊಡಿ. ಆ ಯಂತ್ರದ ಹೆಸರು, ಮ್ಯಾಕ್ ವಿಳಾಸ ಎರಡೂ ಬರುತ್ತವೆ.

ಪಟ್ಟಿಯಲ್ಲಿ ಚಿತ್ರ ಕಾಣುವ ಮಾತಿಗೆ ಬರುತ್ತೇನೆ, ಏಕೆಂದರೆ ಎಸ್‌ಎಂಬಿ 1ಅನ್ನು ಮತ್ತೆ ಹಾಕುವುದು ಇದರ ಹೆಸರಿನಲ್ಲೇ. ಹಿಂದೆ ಆ ಪಟ್ಟಿಯನ್ನು ‘ಕಂಪ್ಯೂಟರ್ ಬ್ರೌಸರ್’ ಎಂಬ ಸೇವೆ ಕಟ್ಟುತ್ತಿತ್ತು, ಅದು ಎಸ್‌ಎಂಬಿ 1ಅನ್ನು ನಂಬಿತ್ತು. ಕಂಪ್ಯೂಟರುಗಳು ತಮ್ಮೊಳಗೆ ಚುನಾವಣೆ ನಡೆಸಿ ಒಬ್ಬ ಯಜಮಾನನನ್ನು ಆರಿಸುತ್ತಿದ್ದವು. ಉಳಿದವು 12 ನಿಮಿಷಕ್ಕೊಮ್ಮೆ ‘ನಾನಿದ್ದೇನೆ’ ಎಂದು ಅವನಿಗೆ ಹೇಳಬೇಕು, ಮೂರು ಸಲ ತಪ್ಪಿದರೆ ಮಾತ್ರ ಹೆಸರು ಹೊರಕ್ಕೆ. ಆಫ್ ಮಾಡಿದ ಕಂಪ್ಯೂಟರ್ ಅರ್ಧ ಗಂಟೆ ಮೀರಿ ಪಟ್ಟಿಯಲ್ಲಿ ಉಳಿಯುತ್ತಿದ್ದುದು ಅದಕ್ಕೇ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ ಹರಡಿದ್ದು ಎಸ್‌ಎಂಬಿ 1ರ ದೋಷ ಹಿಡಿದು. ಅದೇ ವರ್ಷ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಅದನ್ನು ತಾನಾಗಿ ಹಾಕುವ ಪದ್ಧತಿ ನಿಲ್ಲುತ್ತ ಬಂತು. ಈಗ ಪಟ್ಟಿ ಕಟ್ಟುವುದು ಡಬ್ಲ್ಯುಎಸ್-ಡಿಸ್ಕವರಿ, ಯುಡಿಪಿ 3702. ಇದಕ್ಕೆ ಸರ್ವಿಸಸ್ ಪಟ್ಟಿಯಲ್ಲಿ ‘ಫಂಕ್ಷನ್ ಡಿಸ್ಕವರಿ ಪ್ರೊವೈಡರ್ ಹೋಸ್ಟ್’ ಮತ್ತು ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್’ ಎಂಬ ಎರಡನ್ನೂ ‘ಆಟೋಮ್ಯಾಟಿಕ್ ಡಿಲೇಡ್ ಸ್ಟಾರ್ಟ್’ಗೆ ಇಟ್ಟು ಚಾಲೂ ಮಾಡಿದರೆ ಸಾಕು. ಎರಡನೆಯದು ಮೈನ್ ಸಿಸ್ಟಮ್‌ನಲ್ಲಿ ಇರಲೇಬೇಕು. ಲಿನಕ್ಸ್ ಸರ್ವರಾದರೆ ಫೈಲ್ ಹಂಚುವ ಸಾಂಬಾದ ಜೊತೆಗೆ, ಪಟ್ಟಿಯಲ್ಲಿ ಕಾಣುವಂತೆ ಮಾಡುವ ಡಬ್ಲ್ಯುಎಸ್‌ಡಿಡಿ ಹಾಕಬೇಕು. ಚಿತ್ರ ನೋಡುವ ಆಸೆಗೆ ಎಸ್‌ಎಂಬಿ 1 ಹಾಕುವುದು ಯಾವ ಲೆಕ್ಕದಲ್ಲೂ ಒಪ್ಪುವಂಥದ್ದಲ್ಲ. ಶೇರ್ ಫೋಲ್ಡರನ್ನು ಒಂದು ಡ್ರೈವ್ ಆಗಿ ಮ್ಯಾಪ್ ಮಾಡಿಕೊಂಡವರಿಗೆ ಆ ಪಟ್ಟಿ ಬೇಕಾಗುವುದೇ ಇಲ್ಲ.

ಹೆಸರು ಸಿಕ್ಕಿಯೂ ಬಾಗಿಲು ತೆರೆಯದಿದ್ದರೆ ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್’ನಿಂದ ಪೋರ್ಟ್ 445 ಪರೀಕ್ಷಿಸಿ. ಅದು ‘ಟ್ರೂ’ ಎಂದರೆ ಉಳಿದಿರುವುದು ಪಾಸ್‌ವರ್ಡಿನ ವಿಷಯ. ನೆಟ್‌ವರ್ಕ್ ಕೇಳುವುದು ಅಕೌಂಟಿನ ಪಾಸ್‌ವರ್ಡನ್ನು, ದಿನಾ ಒತ್ತುವ ನಾಲ್ಕಂಕಿಯ ಪಿನ್ನನ್ನಲ್ಲ. ಪಾಸ್‌ವರ್ಡೇ ಇಲ್ಲದ ಅಕೌಂಟಿಗೆ ನೆಟ್‌ವರ್ಕಿನಿಂದ ಪ್ರವೇಶವಿಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದು ಹಲವು ಕಚೇರಿಗಳು 11ಕ್ಕೆ ಹೋಗಿವೆ. ಅದರ 24ಎಚ್2 ಪ್ರೊ ಆವೃತ್ತಿ ಪಾಸ್‌ವರ್ಡಿಲ್ಲದ ಗೆಸ್ಟ್ ಪ್ರವೇಶವನ್ನು ಒಪ್ಪುವುದಿಲ್ಲ, ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಹಾಕಿದ ಎಸ್‌ಎಂಬಿಯನ್ನೇ ಕೇಳುತ್ತದೆ. ಹಳೆಯ ನೆಟ್‌ವರ್ಕ್ ಹಾರ್ಡ್‌ಡಿಸ್ಕುಗಳು ಒಮ್ಮೆಲೇ ತೆರೆಯದಾದದ್ದು ಇದರಿಂದ. ಅವುಗಳಲ್ಲಿ ಯೂಸರ್ ಹೆಸರು, ಪಾಸ್‌ವರ್ಡ್ ಇಟ್ಟು ತಂತ್ರಾಂಶ ಹೊಸತು ಮಾಡಬೇಕು.

ಕೂಗಿ ಕೇಳುವ ಪದ್ಧತಿಗೆ ಇನ್ನೊಂದು ಕೆಡುಕೂ ಇದೆ. ಉತ್ತರ ಕೊಟ್ಟವನು ನಿಜವಾಗಿ ಅವನೇ ಎಂದು ಎಲ್‌ಎಲ್‌ಎಂಎನ್ಆರ್ ಆಗಲಿ ನೆಟ್‌ಬಯಾಸ್ ಆಗಲಿ ಪರೀಕ್ಷಿಸುವುದಿಲ್ಲ. ಹೆಸರಿನಲ್ಲಿ ಒಂದಕ್ಷರ ತಪ್ಪಿ ಬರೆದಿರಿ ಎನ್ನೋಣ, ಅದೇ ವೈಫೈಯಲ್ಲಿ ಕುಳಿತವನು ರೆಸ್ಪಾಂಡರ್ ಎಂಬ ತಂತ್ರಾಂಶದಿಂದ ‘ಅದು ನಾನೇ’ ಎನ್ನಬಹುದು. ನಿಮ್ಮ ಕಂಪ್ಯೂಟರ್ ಅವನಿಗೆ ಲಾಗಿನ್ ಹ್ಯಾಶ್ (ಪಾಸ್‌ವರ್ಡಿನಿಂದ ಲೆಕ್ಕ ಹಾಕಿದ ಗುರುತು) ಕಳಿಸುತ್ತದೆ, ದುರ್ಬಲ ಪಾಸ್‌ವರ್ಡಾದರೆ ಅದರಿಂದ ಮೂಲ ಪಾಸ್‌ವರ್ಡ್ ತೆಗೆಯಬಹುದು. ಲಾಡ್ಜ್, ಆಸ್ಪತ್ರೆ, ಕಾಲೇಜುಗಳು ಬಂದವರಿಗೆಲ್ಲ ಕಚೇರಿಯ ವೈಫೈ ಪಾಸ್‌ವರ್ಡ್ ಕೊಡುವುದನ್ನು ನಿಲ್ಲಿಸಬೇಕು. ಹೋಸ್ಟ್ಸ್ ಫೈಲ್ ಅಥವಾ ರೂಟರಿನ ಡಿಎನ್ಎಸ್ ಗಟ್ಟಿಯಾದ ಮೇಲೆ ಗ್ರೂಪ್ ಪಾಲಿಸಿಯ ಡಿಎನ್ಎಸ್ ಕ್ಲೈಂಟ್ ವಿಭಾಗದಲ್ಲಿ ‘ಟರ್ನ್ ಆಫ್ ಮಲ್ಟಿಕಾಸ್ಟ್ ನೇಮ್ ರೆಸಲ್ಯೂಶನ್’ ಆನ್ ಮಾಡಿ. ಐಪಿವಿ4ರ ಅಡ್ವಾನ್ಸ್‌ಡ್ ಸೆಟ್ಟಿಂಗಿನ ‘ವಿನ್ಸ್’ ಪುಟದಲ್ಲಿ ನೆಟ್‌ಬಯಾಸನ್ನೂ ನಿಲ್ಲಿಸಬಹುದು. ಮೊದಲು ಗಟ್ಟಿ ಮಾಡಿ, ಆಮೇಲೆ ನಿಲ್ಲಿಸಿ.

ವಾರ್ಷಿಕ ನಿರ್ವಹಣೆಯ ಗುತ್ತಿಗೆ ಹಿಡಿದವರು ಪ್ರತಿ ಕಚೇರಿಗೂ ಒಂದು ಹಾಳೆ ಬರೆದು ಕೊಡಬೇಕೆಂದು ಈ ಪತ್ರದ ಮೂಲಕ ಕೇಳುತ್ತೇನೆ: ಪ್ರತಿ ಕಂಪ್ಯೂಟರಿನ ಹೆಸರು, ಮ್ಯಾಕ್ ವಿಳಾಸ, ಕಾಯಂ ಐಪಿ, ರೂಟರಿನ ವಿಳಾಸ, ಯಾವ ಫೋಲ್ಡರ್ ಯಾರಿಗೆ ಶೇರ್ ಆಗಿದೆ ಎಂಬುದು. ಫೈರ್‌ವಾಲ್ ಈಗಾಗಲೇ ಆಫ್ ಆಗಿರುವ ಕಡೆ ವಿಂಡೋಸ್ ಸೆಕ್ಯುರಿಟಿ ತೆರೆದು, ಫೈರ್‌ವಾಲ್ ಪುಟದ ‘ರಿಸ್ಟೋರ್ ಡಿಫಾಲ್ಟ್ಸ್’ ಒತ್ತಿ, ನೆಟ್‌ವರ್ಕನ್ನು ಪ್ರೈವೇಟ್ ಮಾಡಿ, ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಮತ್ತೆ ಆನ್ ಮಾಡಿದರೆ ಸಾಕು. ಟ್ಯಾಲಿಯಂಥ ತಂತ್ರಾಂಶಗಳು ಮೊದಲ ಸಲ ತೆರೆದಾಗ ಅನುಮತಿ ಕೇಳಿದರೆ ‘ಪ್ರೈವೇಟ್’ಗೆ ಮಾತ್ರ ಟಿಕ್ ಹಾಕಿ.

— ಒಬ್ಬ ನೆಟ್‌ವರ್ಕ್ ತಂತ್ರಜ್ಞ, ಮಂಗಳೂರು